ದಿಂಬು ಮೂರಾದಾಗ

ನನ್ನ ಗಂಡನಿಗೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋತು ರಕ್ತವನ್ನು ಸರಿಯಾಗಿ ಪಂಪ್ ಮಾಡದ ಕಾಯಿಲೆ, ಅಂತ ಗೊತ್ತಾಗುವ ಮೊದಲೇ ದಿಂಬುಗಳು ಹೇಳಿದ್ದವು. ಒಂದಿದ್ದದ್ದು ಎರಡಾಯಿತು, ಆಮೇಲೆ ಮೂರು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗ್ಯಾಸ್ ಇರಬೇಕು ಅಂತ ನಾನೇ ಸುಮ್ನಿದ್ದೆ.

ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಇಜೆಕ್ಷನ್ ಫ್ರಾಕ್ಷನ್ 25 ಬಂತು. ನೂರಕ್ಕೆ ಇಪ್ಪತ್ತೈದು ಅಂದರೆ ಮುಕ್ಕಾಲು ಹೃದಯ ಸತ್ತೇ ಹೋಗಿದೆ ಅಂದುಕೊಂಡು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಹೃದಯದಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು, ಚೆನ್ನಾಗಿರುವವರಲ್ಲೂ ಸಾಮಾನ್ಯವಾಗಿ 55ರಿಂದ 70ರ ಒಳಗೇ ಇರುತ್ತದೆ ಅಂತ ನರ್ಸ್ ಒಬ್ಬರು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಉಸಿರಾಡಿದೆ. 25 ಕಡಿಮೆಯೇ. ಆದರೆ ನಾನು ಹೆದರಿದ ಲೆಕ್ಕ ಅದಲ್ಲ.

ಮನೆಗೆ ಬಂದ ಮೇಲೆ ನಾನು ಕಾವಲುಗಾರ್ತಿಯಾದೆ. ನೀರು ಎಷ್ಟು ಕುಡಿದಿರಿ, ಮಾತ್ರೆ ತಗೊಂಡ್ರಾ, ಮೆಟ್ಟಿಲು ಯಾಕೆ ಹತ್ತಿದಿರಿ. ಒಂದು ದಿನ ಅವರು ತಟ್ಟೆ ಸರಿಸಿ, "ನಾನು ಇನ್ನೂ ಬದುಕಿದ್ದೀನಿ ಕಣೆ" ಅಂದರು. ತುಂಬಾ ನೋವಾಯಿತು. ಆದರೆ ಅವರು ಹೇಳಿದ್ದು ಸರಿ ಅಲ್ವಾ?

ಮಾರನೇ ದಿನ ತೂಕ ಬರೆಯುವ ಪುಸ್ತಕವನ್ನು ಅವರ ಕೈಗೇ ಕೊಟ್ಟೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಅದೇ ತೆಳು ಬಟ್ಟೆಯಲ್ಲಿ ತೂಕ ನೋಡಿ ಅವರೇ ಬರೆಯುತ್ತಾರೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ತಕ್ಷಣ ಫೋನ್ ಮಾಡಿ ಅಂತ ಡಾಕ್ಟರ್ ಹೇಳಿದ್ದರು.

ಎರಡನೇ ತಿಂಗಳು ಹಾಗೇ ಆಯಿತು. ಪಾದದ ಮೇಲಿನ ಗಂಟಿನ ಹತ್ತಿರ ಬೆರಳಿಟ್ಟು ಒತ್ತಿದೆ, ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಉಪ್ಪು ಜಾಸ್ತಿ ಆಗಿರಲಿಲ್ಲ. ಮಂಡಿ ನೋವು ಅಂತ ನಾನೇ ಕೊಟ್ಟ ಐಬುಪ್ರೊಫೇನ್ ಮೈಯಲ್ಲಿ ನೀರು ನಿಲ್ಲಿಸಿತ್ತು! ದಯವಿಟ್ಟು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಸೋಡಿಯಂ ಕಡಿಮೆ ಇರುವ ಉಪ್ಪನ್ನೂ ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯದ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಆ ಸಲ ಬೇಗ ಫೋನ್ ಮಾಡಿದ್ದರಿಂದ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಯನ್ನು ಡಾಕ್ಟರ್ ಹೆಚ್ಚಿಸಿದ್ದೇ ಸಾಕಾಯಿತು, ಅಡ್ಮಿಟ್ ಆಗಬೇಕಾಗಲಿಲ್ಲ.

ಈಗ ಒಂದೇ ದಿಂಬು. ಆದರೂ ಕೆಲವು ರಾತ್ರಿ ಅವರ ಉಸಿರು ಕೇಳುತ್ತಾ ಎಚ್ಚರವಾಗಿರುತ್ತೇನೆ. ಈಚೆಗೆ ಅದನ್ನು ಅವರಿಗೆ ಹೇಳಿಬಿಟ್ಟೆ. "ನಾನೂ ಎಚ್ಚರವಾಗೇ ಇರ್ತೀನಿ, ನೀನು ಹೆದರ್ತೀಯ ಅಂತ ಹೇಳಿರಲಿಲ್ಲ" ಅಂದರು. ಅವತ್ತು ಲೈಟ್ ಹಾಕಿಕೊಂಡು ಬೆಳಗಾಗುವವರೆಗೂ ಮಾತಾಡಿದೆವು.