ಏರಿ ಒಸರಿದರೆ ಸಿಮೆಂಟ್ ಹುಡುಕಬೇಡಿ

ಮಣ್ಣಿನ ಏರಿಯಲ್ಲಿ ನೀರು ಜಿನುಗಿದ ಕೂಡಲೇ ಸಿಮೆಂಟ್ ಮೂಟೆಗೆ ಓಡುವವರನ್ನು ಬಹಳ ನೋಡಿದ್ದೇನೆ. ಪ್ರವಾಹ ತಡೆಯಲು ಕಟ್ಟಿದ ಹಳೆಯ ಏರಿಗಳಲ್ಲಿ ಈ ತಪ್ಪು ಇನ್ನೂ ದುಬಾರಿ. ಎಷ್ಟೋ ಏರಿಗಳ ಹಿಂದೆ ವರ್ಷವಿಡೀ ನೀರೇ ನಿಲ್ಲುವುದಿಲ್ಲ. ಮಣ್ಣು ಒಣಗಿ ಬಿರಿದಿರುತ್ತದೆ. ದೊಡ್ಡ ಮಳೆಯ ದಿನವೇ ಅದಕ್ಕೆ ಪರೀಕ್ಷೆ.

ಮೊದಲು ನಡೆಯಿರಿ: ಏರಿಯ ಮೇಲೊಮ್ಮೆ, ಹೊರಬದಿಯ ಬುಡದಲ್ಲೊಮ್ಮೆ. ಬಿರುಕು, ಕುಸಿತ, ಹೆಗ್ಗಣದ ಬಿಲ ಕಂಡಲ್ಲಿ ಗೂಟ ನೆಡಿ. ಜೀಪಿನಲ್ಲಿ ಕೂತು ನೋಡಿದ್ದು ಲೆಕ್ಕಕ್ಕಿಲ್ಲ.

ಎರಡನೆಯದು ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ. ಕಸ, ಪೊದೆ, ಬೇಲಿ ಏನೂ ಅಡ್ಡ ಇರಬಾರದು. ಅಮೆರಿಕದ ಸೌತ್ ಫೋರ್ಕ್ ಏರಿಯ ಕೋಡಿಗೆ ಮೀನು ತಪ್ಪಿಸಿಕೊಳ್ಳದಂತೆ ಜಾಲರಿ ಹಾಕಿದ್ದರು. 1889ರ ಮಳೆಗೆ ಅಲ್ಲಿ ಕಸ ಕಟ್ಟಿತು, ನೀರು ಏರಿಯ ಮೇಲೇ ಹರಿದು ಅದು ಒಡೆಯಿತು. ಸತ್ತವರು 2,200ಕ್ಕೂ ಹೆಚ್ಚು.

ಈಗ ಒಸರು. ಇಲ್ಲಿ ಅವಸರ ಬೇಡ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಅಲುಗಾಡಿಸದೆ ಇಡಿ. ತಿಳಿಯಾಗಿದ್ದರೆ, ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಬರೆದಿಡಿ. ಹಿಂದೆ ನಿಂತ ನೀರಿನ ಮಟ್ಟವನ್ನೂ ಬರೆಯಿರಿ. ಮಟ್ಟ ಅಷ್ಟೇ ಇದ್ದು ಒಸರು ಜಾಸ್ತಿಯಾದರೆ ಎಂಜಿನಿಯರ್ ಬರಲೇಬೇಕು. ಬಾಟಲಿಯ ತಳದಲ್ಲಿ ಮಣ್ಣು ಕೂತಿತೋ, ಏರಿ ಒಳಗಿನಿಂದ ಕರಗುತ್ತಿದೆ. ಬುಡದಲ್ಲಿ ಮರಳು ಕುದಿಯುವ ಹಾಗೆ ಎದ್ದು ಬಳೆಯಂತೆ ಸುತ್ತ ಕೂತಿದ್ದರೂ ಅದೇ ಕಥೆ. ಮೊದಲು ಕೆಳಗಿನ ಊರಿನವರನ್ನು ಎಬ್ಬಿಸಿ, ಫೋನ್ ಆಮೇಲೆ. 1976ರ ಜೂನ್ 5ರ ಬೆಳಿಗ್ಗೆ ಅಮೆರಿಕದ ಟೀಟನ್ ಎಂಬ ಮಣ್ಣಿನ ಅಣೆಕಟ್ಟೆಯಲ್ಲಿ ಕೆಸರು ಒಸರಿತು. ಬುಲ್ಡೋಜರ್ ತಂದು ತೂತಿಗೆ ಮಣ್ಣು ತಳ್ಳಿದರು. ಮಧ್ಯಾಹ್ನದೊಳಗೆ ಕಟ್ಟೆ ಒಡೆಯಿತು.

ಒಸರಿನ ಬಾಯಿ ಮಾತ್ರ ಮುಚ್ಚಬೇಡಿ. ನಾನು ನೋಡಿದ ಒಂದು ಕಡೆ ಸಿಮೆಂಟ್ ಮೆತ್ತಿ ಬಂದರು. ಒಂದೇ ವಾರಕ್ಕೆ ನಾಲ್ಕು ಮಾರು ಆಚೆ ನೀರು ಎದ್ದಿತು. ನೀರು ಬರಲಿ, ಮಣ್ಣು ನಿಲ್ಲಲಿ. ಹಾಗಾಗಿ ಸಣ್ಣ ಒಸರಿನ ಮೇಲೆ ಮೊದಲು ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ದಪ್ಪ ಜಲ್ಲಿ. ಪುಡಿ ಬೆರೆತ ಜಲ್ಲಿ ತಂದರೆ ವಾಪಸ್ ಕಳಿಸಿ. ಡಬ್ಬದಲ್ಲಿ ಬರುವ ಸೋರಿಕೆ ಔಷಧಿ ತಾರಸಿಗೆ ಸರಿ, ಏರಿಗಲ್ಲ.

ಏರಿಯೊಳಗಿಂದ ನೀರು ಬಿಡುವ ತೂಬಿನ ಕೊಳವೆಯ ಹೊರಮೈ ಗುಂಟ ನೀರು ಬಂದರೆ ನೀವು ಕೈ ಹಾಕಲೇಬೇಡಿ.

ಇನ್ನು ಮರ. ಕಾಂಡ ಕಡಿದು ಬೇರು ಬಿಟ್ಟರೆ, ಅದು ಕೊಳೆತು ನೀರಿಗೆ ದಾರಿಯಾಗುತ್ತದೆ. ನೀರಿಲ್ಲದ ಕಾಲದಲ್ಲಿ, ಎಂಜಿನಿಯರ್ ಎದುರಿಗೇ ಬೇರು ಕೀಳಿಸಿ, ಗುಂಡಿಗೆ ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಿ. ಏರಿಗೆ ಗಿಡ್ಡ ಹುಲ್ಲು ಸಾಕು. ಹೂವಿನ ಗಿಡದ ಆಸೆಯಿದ್ದರೆ ಮನೆ ಮುಂದೆ ನೆಡಿ.