ಅಕ್ರಿಲಿಕ್ ಒಳಗೆ ಬೆಳ್ಳಿ ಕೂರಿಸುವಾಗ ಉರಿ ಸಣ್ಣಗಿರಲಿ

ಬೆಳ್ಳಿಯ ಅಯಾನುಗಳನ್ನು (ಚಾರ್ಜ್ ಇರುವ ಪರಮಾಣು) ಯಂತ್ರದಿಂದ ಬೀಮ್ ಆಗಿ ಅಕ್ರಿಲಿಕ್ ಮೇಲೆ ಹೊಡೆಸಿದರೆ ಅವು ಒಳಗೆ ಸೇರಿ ಸಣ್ಣ ಬೆಳ್ಳಿ ಕಣಗಳಾಗುತ್ತವೆ. ಮೊದಲ ಸಲ ನಾನು ಬೆಳಗಾವಿಯ ಖಡೇಬಜಾರ್ ಕಡೆ ಬೋರ್ಡ್ ಮಾಡುವವರ ಹತ್ತಿರ ಉಳಿದ ಅಕ್ರಿಲಿಕ್ ತುಂಡು ಕೇಳಿ ತಂದಿದ್ದೆ. ಕೈ ಪಳಗಲು ಅದು ಸಾಕು, ಅಳತೆಗೆ ಬೇಡ. ಅದರಲ್ಲಿ ಏನೇನು ಬೆರೆಸಿರುತ್ತಾರೋ ಗೊತ್ತಾಗಲ್ಲ, ಲ್ಯಾಬ್‌ಗೆಂದೇ ಮಾರುವ ಪಿಎಂಎಂಎ (ಅಕ್ರಿಲಿಕ್‌ನದೇ ರಾಸಾಯನಿಕ ಹೆಸರು) ತರಿಸಿ.

1 ಸೆಂ.ಮೀ. ಚೌಕ ಕತ್ತರಿಸಿ. ಬೀಮ್ ಬೀಳುವ ಮುಖ ಯಾವುದೆಂದು ಮೂಲೆಯಲ್ಲಿ ಸಣ್ಣ ಗೀರು ಹಾಕಿ, ಆಮೇಲೆ ಹುಡುಕಿದರೆ ತಿಳಿಯಲ್ಲ. ಸೋಪಿನ ನೀರು, ಡಿಸ್ಟಿಲ್ಡ್ ನೀರು ಅಷ್ಟೇ ಸಾಕು. ನಾನು ಗಾಜು ಒರೆಸುವ ಹಾಗೆ ಅಸಿಟೋನ್ ಹಚ್ಚಿಬಿಟ್ಟಿದ್ದೆ, ನೋಡನೋಡುತ್ತಲೇ ತುಂಡೆಲ್ಲ ಮಬ್ಬಾಯಿತು. ತೊಳೆದದ್ದನ್ನು ಒಂದು ರಾತ್ರಿ ಡೆಸಿಕೇಟರ್‌ನಲ್ಲಿ (ತೇವ ಹೀರುವ ಮುಚ್ಚಿದ ಡಬ್ಬಿ) ಇಡಿ, ತೇವ ಉಳಿದರೆ ಯಂತ್ರದೊಳಗೆ ವ್ಯಾಕ್ಯೂಮ್ ಏರುವುದೇ ಇಲ್ಲ.

ಯಂತ್ರಕ್ಕೆ ದೂರ ಹೋಗಬೇಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ಗೆ ಯೂನಿವರ್ಸಿಟಿ ಮೂಲಕ ಅರ್ಜಿ ಹಾಕಿ ಬೀಮ್ ಟೈಮ್ (ಯಂತ್ರ ಬಳಸುವ ಸಮಯ) ಕೇಳಬಹುದು, ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ನಿಜಾಮುದ್ದೀನ್. ಹೊರಡುವ ಮುಂಚೆ ಸ್ರಿಮ್ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿಕೊಳ್ಳಿ: 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಬೆಳ್ಳಿ ಅಯಾನು ಹೆಚ್ಚೂಕಡಿಮೆ 30 ನ್ಯಾನೋಮೀಟರ್ ಆಳಕ್ಕೆ ಇಳಿಯುತ್ತದೆ, ಮೇಲ್ಪದರದಲ್ಲೇ ಕೂರುತ್ತದೆ.

ಕೆಲಸ ಕೆಡುವುದು ಕರೆಂಟ್‌ನಲ್ಲಿ. ಚದರ ಸೆಂಟಿಮೀಟರಿಗೆ 5×10¹⁶ ಅಯಾನು ಬೇಕು (ಇದೇ ಡೋಸ್) ಅಂದುಕೊಳ್ಳಿ. 2 ಮೈಕ್ರೋಆಂಪಿಯರ್ ಇಟ್ಟರೆ ಸುಮಾರು 67 ನಿಮಿಷ, 10 ಇಟ್ಟರೆ ಸುಮಾರು 13 ನಿಮಿಷಕ್ಕೆ ಮುಗಿಯುತ್ತದೆ. ಆಸೆ ಹುಟ್ಟುತ್ತದೆ ಅಲ್ವಾ? ಆದರೆ ಬಿಸಿ ನೋಡಿ: ಮೊದಲನೆಯದು 60 ಮಿಲಿವಾಟ್, ಎರಡನೆಯದು 300. ವ್ಯಾಕ್ಯೂಮ್‌ನಲ್ಲಿ ಬಿಸಿ ಎಳೆದುಕೊಳ್ಳಲು ಗಾಳಿಯೂ ಇಲ್ಲ, ಪ್ಲಾಸ್ಟಿಕ್ ತಾನಾಗಿ ಸಾಗಿಸಲ್ಲ. ನನ್ನ ಒಂದು ತುಂಡು ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಬಂತು. 2ರ ಆಸುಪಾಸಿನಲ್ಲೇ ಇರಿ, ನಡುನಡುವೆ ಬೀಮ್ ನಿಲ್ಲಿಸಿ. ಪ್ಲಾಸ್ಟಿಕ್‌ನಲ್ಲಿ ಚಾರ್ಜ್ ಕೂಡಿ ಬೀಮ್ ಚೆದುರುತ್ತದೆ, ಅದಕ್ಕೆ ತುಂಡಿನ ಸುತ್ತ ಲೋಹದ ಚೌಕಟ್ಟು ಹಾಕಿ ಅರ್ಥ್ ಮಾಡಿ.

ಆಮೇಲೆ ಯುವಿ-ವಿಸಿಬಲ್ ಸ್ಪೆಕ್ಟ್ರಮ್, ಅಂದರೆ ತುಂಡು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂಬ ಗ್ರಾಫ್. ಬೆಳ್ಳಿಯ ಕಣಗಳಿದ್ದರೆ 400ರಿಂದ 450 ನ್ಯಾನೋಮೀಟರ್ ಹತ್ತಿರ ಗುಡ್ಡ ಏಳುತ್ತದೆ. ಹೊರನೋಟಕ್ಕೆ ಹಳದಿ ಕಾಣಬೇಕು. ಕಂದು ಬಣ್ಣ ಬಂದಿದ್ದರೆ ಖುಷಿಪಡಬೇಡಿ, ಹೈಡ್ರೋಜನ್ ಹಾರಿ ಕಾರ್ಬನ್ ಉಳಿದು ಪ್ಲಾಸ್ಟಿಕ್ಕೇ ಕರಿದಿರುತ್ತದೆ, ಆಗ ಗುಡ್ಡವೂ ಅಗಲವಾಗಿ ಬಲಕ್ಕೆ ಸರಿಯುತ್ತದೆ. ಎರಡನ್ನೂ ಬೇರ್ಪಡಿಸಲು ಅದೇ ಡೋಸ್‌ನಲ್ಲಿ ಇನ್ನೊಂದು ತುಂಡಿಗೆ ಝೆನಾನ್ ಅನಿಲದ ಅಯಾನು ಹೊಡೆಸಿ. ತೂಕ ಬೆಳ್ಳಿಯ ಹತ್ತಿರ, ಲೋಹವಲ್ಲದ್ದರಿಂದ ಕಣ ಕಟ್ಟಲ್ಲ. ಝೆನಾನ್ ತುಂಡಿನಲ್ಲಿ ಇಲ್ಲದೆ ಬೆಳ್ಳಿ ತುಂಡಿನಲ್ಲಿ ಮಾತ್ರ ಗುಡ್ಡ ಇದ್ದರೆ ಅದು ಬೆಳ್ಳಿಯದ್ದೇ.