ಎಳೆಯ ಬಳ್ಳಿಯ ಹಣ್ಣಿನಿಂದ ಕೆಂಪು ವೈನ್

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ವೈನ್ ದ್ರಾಕ್ಷಿ ಕೊಯ್ಲಿಗೆ ಬರುವುದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿರುವಾಗ. ಬಳ್ಳಿ ನೆಟ್ಟು ಎರಡು ಮೂರು ವರ್ಷವಷ್ಟೇ ಆಗಿದ್ದರೆ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಆದ್ದರಿಂದ ಹಣ್ಣಿನಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ, ಆದರೆ ಸಿಪ್ಪೆ ಮತ್ತು ಬೀಜದ ಒಗರು ಮಾಗುವುದು ಹಿಂದೆ ಬೀಳುತ್ತದೆ. ಇಂಥ ಹಣ್ಣಿನಿಂದ ಹತ್ತು ವರ್ಷ ಇಟ್ಟು ಕುಡಿಯುವ ಗಟ್ಟಿ ವೈನ್ ತೆಗೆಯಲು ಹೊರಡುವುದು ವ್ಯರ್ಥ ಪ್ರಯಾಸ; ಒಂದೆರಡು ವರ್ಷದಲ್ಲಿ ಕುಡಿದು ಮುಗಿಸುವ, ಹಣ್ಣಿನ ಸೊಗಡು ಉಳಿದ ಹಗುರ ವೈನ್ ಅದಕ್ಕೆ ಒಪ್ಪುತ್ತದೆ. (ಮಾರಾಟಕ್ಕಾಗಿ ತಯಾರಿಸುವವರು ಮೊದಲು ಅಬಕಾರಿ ಪರವಾನಗಿ ಪಡೆದಿರಬೇಕು.)

ಕೆಲಸ ತೋಟದಲ್ಲಿಯೇ ಆರಂಭವಾಗುತ್ತದೆ. ಶಿರಾಜ್ ಅಥವಾ ಕ್ಯಾಬರ್ನೆ ಸೊವಿನ್ಯೋ ಎಂಬ ಕೆಂಪು ವೈನ್ ತಳಿಯ ಕಾಯಿಗೆ ಬಣ್ಣ ತಿರುಗುವ ಹೊತ್ತಿಗೆ ಪ್ರತಿ ಕವಲಿಗೆ ಒಂದು ಗೊಂಚಲು ಉಳಿಸಿ ಮಿಕ್ಕವನ್ನು ತೆಗೆಯಬೇಕು. ರೈತನಿಗೆ ಇದು ಕಷ್ಟದ ಮಾತು, ನಿಜ. ಆದರೆ ಹೆಚ್ಚು ಹೊರೆ ಹೊತ್ತ ಎಳೆಯ ಬಳ್ಳಿ ನೀರುನೀರಾದ ರಸವನ್ನು ಕೊಡುವುದಲ್ಲದೆ ಮುಂದಿನ ವರ್ಷಕ್ಕೂ ಸೊರಗುತ್ತದೆ. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ಕಡೆ ಎಲೆ ಕೀಳಬಾರದು, ಹಣ್ಣು ಸುಡುತ್ತದೆ.

ಕೊಯ್ಲಿನ ದಿನವನ್ನು ನಿರ್ಧರಿಸುವಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ರಸದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 23 ಬ್ರಿಕ್ಸ್ (ಅಂದರೆ ಸುಮಾರು ಶೇ 23 ಸಕ್ಕರೆ) ಕಂಡರೆ ಸುಮಾರು ಶೇ 13ರಷ್ಟು ಆಲ್ಕೋಹಾಲ್ ಬರುತ್ತದೆ. ಬೀಜ ಪೂರ್ತಿ ಕಂದುಬಣ್ಣಕ್ಕೆ ತಿರುಗಲೆಂದು 26 ಬ್ರಿಕ್ಸ್‌ವರೆಗೆ ಕಾದರೆ ಆಲ್ಕೋಹಾಲ್ 14.5 ದಾಟಿ, ಹುಳಿ ಸತ್ತು, ವೈನ್ ಜಾಮಿನಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಳೆಯ ಬಳ್ಳಿಗೆ 23ರ ಆಸುಪಾಸಿನಲ್ಲಿ ನಿಲ್ಲುವುದೇ ಸರಿ. ಸ್ವಲ್ಪ ಹಸಿ ಒಗರನ್ನು ಮುಂದೆ ವೈನ್ ತಯಾರಿಸುವ ಕೋಣೆಯಲ್ಲಿ ಸಂಭಾಳಿಸಬಹುದು. ಗೊಂಚಲುಗಳನ್ನು ಸೂರ್ಯೋದಯಕ್ಕೆ ಮುನ್ನವೇ ಕೊಯ್ದು, ಬಿಸಿಯೇರುವ ಮೊದಲು ನೆರಳಿಗೆ ಸೇರಿಸಬೇಕು.

ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಬೀಜ ಒಡೆಯದಂತೆ ಮೆಲ್ಲಗೆ ಹಿಸುಕಿ, 100 ಕಿಲೋಗೆ 8ರಿಂದ 10 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ರಸ ಕೆಡದಂತೆ ಕಾಯುವ ಸಲ್ಫೈಟ್ ಪುಡಿ) ಬೆರೆಸಬೇಕು. ರಸದ ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) 3.7 ಮೀರಿದ್ದರೆ ಟಾರ್ಟಾರಿಕ್ ಆಮ್ಲ ಸೇರಿಸುವುದು ಅಗತ್ಯ. ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಸುಮಾರು 0.1ರಷ್ಟು ಇಳಿಯುತ್ತದೆ. ಮರುದಿನ 100 ಕಿಲೋಗೆ 20ರಿಂದ 25 ಗ್ರಾಂ ಒಣ ವೈನ್ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಬೇಕು.

ಹುದುಗುವಾಗ ಸಿಪ್ಪೆ ಮೇಲೆದ್ದು ದಪ್ಪ ಹೊದಿಕೆ ಕಟ್ಟುತ್ತದೆ. ಅದನ್ನು ದಿನಕ್ಕೆ ಮೂರು ಬಾರಿ ರಸದೊಳಗೆ ಅದ್ದದಿದ್ದರೆ ಬಣ್ಣ ಇಳಿಯದು, ಮೇಲ್ಭಾಗ ವಿನೆಗರ್ ವಾಸನೆಗೆ ತಿರುಗೀತು. ಉಷ್ಣತೆ 24ರಿಂದ 26 ಡಿಗ್ರಿಯಲ್ಲಿರಲಿ. ಮಾರ್ಚ್ ತಿಂಗಳಲ್ಲಿ ಹಗಲು 35 ಡಿಗ್ರಿ ದಾಟುವ ನಮ್ಮ ಕಡೆ ತಂಪುಗೊಳಿಸುವ ವ್ಯವಸ್ಥೆಯಿಲ್ಲದೆ ಇದು ಸಾಧ್ಯವಿಲ್ಲ. ಈ ಹೊತ್ತಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯ ತಳದಲ್ಲಿ, ಮುಚ್ಚಿದ ಕೋಣೆಯಲ್ಲಿ ಶೇಖರವಾಗಿ ಜೀವಕ್ಕೇ ಕುತ್ತು ತರಬಲ್ಲದು. ಗಾಳಿಯಾಡದ ಜಾಗದಲ್ಲಿ ತೊಟ್ಟಿಗೆ ಬಗ್ಗುವುದಾಗಲಿ ಇಳಿಯುವುದಾಗಲಿ ಕೂಡದು.

ಹಳೆಯ ಬಳ್ಳಿಯ ಹಣ್ಣನ್ನು ಎರಡು ಮೂರು ವಾರ ಸಿಪ್ಪೆಯೊಂದಿಗೆ ಬಿಡುವುದುಂಟು. ಇಲ್ಲಿ ಐದರಿಂದ ಏಳು ದಿನ ಸಾಕು. ಬಣ್ಣ ಹೆಚ್ಚಾಗಿ ಮೊದಲ ದಿನಗಳಲ್ಲಿಯೇ ಬರುತ್ತದೆ. ಆಲ್ಕೋಹಾಲ್ ಏರಿದಂತೆಲ್ಲ ಬೀಜದಿಂದ ಇಳಿಯುವುದು ನಾಲಿಗೆ ಹಿಡಿಯುವ ಹಸಿ ಒಗರು. ಪ್ರತಿದಿನ ಒಂದು ಗುಟುಕು ರುಚಿ ನೋಡಿ, ಒಗರು ಕಂಡ ದಿನವೇ ಹಿಂಡಿ, ರಸವನ್ನು ಸ್ಟೀಲ್ ಟ್ಯಾಂಕಿನಲ್ಲಿ ಹುದುಗಲು ಬಿಡಬೇಕು. ಓಕ್ ಪೀಪಾಯಿಯ ದುಡ್ಡು ಉಳಿಸಿಕೊಳ್ಳಿ, ಈ ವೈನಿಗೆ ಮರದ ವಾಸನೆಯೇ ಮುಂದಾಗಿಬಿಡುತ್ತದೆ.

ಸಕ್ಕರೆ ತೀರಿದ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಚೂಪು ಮ್ಯಾಲಿಕ್ ಹುಳಿಯನ್ನು ಮೃದುವಾದ ಲ್ಯಾಕ್ಟಿಕ್ ಹುಳಿಯಾಗಿಸುತ್ತದೆ. ಅದು ಮುಗಿದ ನಂತರ ಗಸಿಯಿಂದ ಬೇರ್ಪಡಿಸಿ, ಮತ್ತೊಮ್ಮೆ ಸಲ್ಫೈಟ್ ಹಾಕಿ, ಟ್ಯಾಂಕನ್ನು ಬಾಯಿತನಕ ತುಂಬಿಸಿ ತಂಪಿನಲ್ಲಿಟ್ಟರೆ ದಸರೆಯ ಹೊತ್ತಿಗೆ ಬಾಟಲಿಗೆ ತುಂಬಬಹುದು. ಬಡಿಸುವಾಗ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ: ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ಚಳಿಯ ಕೋಣೆಗಳಲ್ಲಿ, ವಿಜಯಪುರದ ಮಾಳಿಗೆ ಮನೆಯಲ್ಲಲ್ಲ.